ನಾಬೋತನ ದ್ರಾಕ್ಷಿತೋಟ ಮತ್ತು ಇಕ್ರಿತ್ ಎಂಬ ಊರು

2018ರ ಮೇ 14ರಂದು ಅಮೆರಿಕ ಇಸ್ರೇಲಿನಲ್ಲಿರುವ ತನ್ನ ರಾಯಭಾರ ಕಚೇರಿಯನ್ನು ಟೆಲ್ ಅವೀವ್‌ನಿಂದ ಜೆರುಸಲೇಮಿಗೆ ತಂದಿತು. ಕಾರ್ಯಕ್ರಮ ಶುರುವಾಗಿದ್ದು ರಾಬರ್ಟ್ ಜೆಫ್ರೆಸ್ ಎಂಬ ಪಾಸ್ಟರ್ ಪ್ರಾರ್ಥನೆಯಿಂದ, ಮುಗಿದಿದ್ದು ಜಾನ್ ಹೇಗಿ ಎಂಬ ಇನ್ನೊಬ್ಬ ಪಾಸ್ಟರ್ ಪ್ರಾರ್ಥನೆಯಿಂದ. ಇಬ್ಬರೂ ಟೆಕ್ಸಾಸ್‌ನವರು. ಆದರೆ ಜೆರುಸಲೇಮಿನ ಸ್ಥಳೀಯ ಕ್ರೈಸ್ತ ಸಭೆಗಳ (ಚರ್ಚ್‌ಗಳ) 13 ಮುಖ್ಯಸ್ಥರು 2017ರ ಡಿಸೆಂಬರ್‌ನಲ್ಲೇ ಟ್ರಂಪ್‌ಗೆ ಪತ್ರ ಬರೆದಿದ್ದರು. ಇಸ್ರೇಲ್, ಪ್ಯಾಲೆಸ್ಟೀನ್ ಎರಡೂ ತಮ್ಮ ರಾಜಧಾನಿ ಅನ್ನುವ ಈ ನಗರದ ವಿಷಯದಲ್ಲಿ ಆತುರ ಬೇಡ, ದ್ವೇಷ, ಹಿಂಸೆ ಜಾಸ್ತಿ ಆಗುತ್ತದೆ ಎಂದು ಬೇಡಿಕೊಂಡಿದ್ದರು. ಯಾರೂ ಕೇಳಲಿಲ್ಲ. ಪ್ರಾರ್ಥನೆ ನಡೆದ ಆ ದಿನವೇ ಗಾಜಾದ ಗಡಿ ಬೇಲಿ ಹತ್ತಿರ ಇಸ್ರೇಲಿ ಸೈನಿಕರ ಗುಂಡಿಗೆ ಸುಮಾರು 60 ಪ್ಯಾಲೆಸ್ಟೀನಿಯರು ಸತ್ತರು.

ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಬಗ್ಗೆ ಕ್ರೈಸ್ತರೊಳಗೆ ಇರುವ ಜಗಳ ಎಂಥದ್ದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಆ ದಿನದ ಬಗ್ಗೆ. ನಾನೂ ಕ್ರೈಸ್ತ. ಅದೇ ಬೈಬಲ್ ಓದುವವನು. ದೂರದ ಸಭೆಯ ಪಾಸ್ಟರ್‌ಗಳು ವೇದಿಕೆ ಮೇಲೆ, ಆ ಊರಿನ ಬಿಷಪರ ಪತ್ರ ಕಸದ ಬುಟ್ಟಿಗೆ. ಇದು ನನಗೆ ನಿಜವಾಗಲೂ ನೋವು ಕೊಡುತ್ತದೆ.

ನಮ್ಮ ಕಡೆಯ ಪ್ರಾರ್ಥನಾ ಕೂಟಗಳಲ್ಲೂ ಒಂದು ವಚನ ಪದೇ ಪದೇ ಕೇಳಿಬರುತ್ತದೆ. ಆದಿಕಾಂಡ 12:3. ನಿನ್ನನ್ನು ಹರಸುವವರನ್ನು ಹರಸುತ್ತೇನೆ, ಶಪಿಸುವವರನ್ನು ಶಪಿಸುತ್ತೇನೆ ಎಂದು ದೇವರು ಯೆಹೂದ್ಯರ ಮೂಲಪಿತ ಅಬ್ರಹಾಮನಿಗೆ ಹೇಳಿದ ಮಾತು. ಅದರಿಂದ ನೇರವಾಗಿ ಇವತ್ತಿನ ಇಸ್ರೇಲ್ ಸರ್ಕಾರಕ್ಕೆ ಹಾರಿಬಿಡುತ್ತಾರೆ. ಇಸ್ರೇಲನ್ನು ಪ್ರಶ್ನೆ ಮಾಡಿದರೆ ಶಾಪ ತಟ್ಟುತ್ತದೆ ಅನ್ನುವ ಭಯ ಎಷ್ಟೋ ವಿಶ್ವಾಸಿಗಳಿಗೆ ಇದೆ. ಈ ರೀತಿಯ ಓದು ತುಂಬಾ ಹಳೆಯದು ಅಂತ ಅನೇಕರು ನಂಬಿದ್ದಾರೆ. ಆದರೆ ಇದಕ್ಕೆ ಗಟ್ಟಿಯಾದ ರೂಪ ಬಂದಿದ್ದು 19ನೇ ಶತಮಾನದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರಿಂದ. 1909ರಲ್ಲಿ ಬಂದ ಸ್ಕೋಫೀಲ್ಡ್ ಅವರ ಟಿಪ್ಪಣಿ ಬೈಬಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಯೆಹೂದ್ಯರು ತಮ್ಮ ನಾಡಿಗೆ ವಾಪಸ್ ಬರಬೇಕು, ಆಮೇಲೆ ಮಹಾ ಸಂಕಟ, ಆಮೇಲೆ ಯೇಸುವಿನ ಎರಡನೇ ಬರೋಣ. ಈ ಲೆಕ್ಕದ ಕೊನೆಯಲ್ಲಿ ಬಹುಪಾಲು ಯೆಹೂದ್ಯರು ಒಂದೋ ಸಾಯುತ್ತಾರೆ, ಇಲ್ಲ ಕ್ರೈಸ್ತರಾಗುತ್ತಾರೆ. ಇದನ್ನು ಯೆಹೂದ್ಯರ ಮೇಲಿನ ಪ್ರೀತಿ ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇಸ್ರೇಲ್ ಪರ ನಿಲ್ಲುವ ಕ್ರೈಸ್ತರೆಲ್ಲ ಈ ಲೆಕ್ಕದವರಲ್ಲ. ಪಶ್ಚಾತ್ತಾಪದಿಂದ ನಿಂತವರೂ ಇದ್ದಾರೆ. ಅವರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಮಾರ್ಟಿನ್ ಲೂಥರ್ 1543ರಲ್ಲಿ ಯೆಹೂದ್ಯರ ಸಿನಗಾಗ್‌ಗಳನ್ನು, ಅಂದರೆ ಅವರ ಪ್ರಾರ್ಥನಾ ಮಂದಿರಗಳನ್ನು, ಸುಟ್ಟುಬಿಡಿ ಎಂದು ಬರೆದರು. ನಮ್ಮ ಪ್ರೊಟೆಸ್ಟಂಟ್ ಪರಂಪರೆಯ ಮೂಲಪುರುಷ ಬರೆದ ಮಾತು ಇದು. ನಾಲ್ಕು ಶತಮಾನ ಆದ ಮೇಲೆ ನಾಜಿಗಳು 60 ಲಕ್ಷ ಯೆಹೂದ್ಯರನ್ನು ಕೊಂದಾಗ ಯುರೋಪಿನ ಎಷ್ಟೋ ಸಭೆಗಳು ಬಾಯಿ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯ ಸಭೆಗಳಿಗೆ ಅದು ಅರಿವಾಗುತ್ತಾ ಹೋಯಿತು. 1980ರಲ್ಲಿ ರೈನ್‌ಲ್ಯಾಂಡ್ ಪ್ರಾಂತ್ಯದ ಸಭೆ ಒಂದು ನಿರ್ಣಯ ಮಾಡಿ, ಇಸ್ರೇಲ್ ದೇಶ ಹುಟ್ಟಿದ್ದೂ ದೇವರು ತನ್ನ ಜನಕ್ಕೆ ನಂಬಿಗಸ್ತನಾಗಿರುವುದಕ್ಕೆ ಗುರುತು ಅಂದಿತು. ಅಷ್ಟು ದೊಡ್ಡ ಪಾಪ ಬೆನ್ನ ಮೇಲಿದ್ದಾಗ ಆ ಮಾತು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ.

ಆದರೆ ಆ ಸಾಲ ತೀರಿಸಿದ್ದು ಯಾರ ಜೇಬಿನಿಂದ? ಸಾಲ ಮಾಡಿದ್ದು ಯುರೋಪ್. ಅದನ್ನು ಪ್ಯಾಲೆಸ್ಟೀನಿನ ರೈತನ ಹೊಲದಿಂದ ವಸೂಲಿ ಮಾಡಲಾಯಿತು. ಆ ರೈತರಲ್ಲಿ ಕ್ರೈಸ್ತರೂ ಇದ್ದರು.

ಇಕ್ರಿತ್ ಬಗ್ಗೆ ಹೇಳಲೇಬೇಕು. ಗಲಿಲಾಯದ ಉತ್ತರಕ್ಕೆ, ಲೆಬನಾನ್ ಗಡಿ ಹತ್ತಿರ ಇದ್ದ ಪುಟ್ಟ ಊರು. ಊರಿನವರು ಮೆಲ್ಕೈಟ್ ಪಂಥದ ಕ್ರೈಸ್ತರು. ಇಸ್ರೇಲ್ ಹುಟ್ಟಿದಾಗಿನ ಯುದ್ಧದ ಹೊತ್ತು, 1948ರ ನವೆಂಬರ್‌ನಲ್ಲಿ ಇಸ್ರೇಲಿ ಸೇನೆ ಅವರಿಗೆ ಊರು ಬಿಡಲು ಹೇಳಿತು. ಗಡಿಯಲ್ಲಿ ಅಪಾಯ ಇದೆ, ಹದಿನೈದು ದಿನದಲ್ಲಿ ವಾಪಸ್ ಬರಬಹುದು ಅಂದರು. ಜನ ನಂಬಿ ಹೊರಟರು. ಅಲ್ಲಿ ಹೋರಾಟ ನಡೆದಿರಲಿಲ್ಲ. ಅವರು ಇಸ್ರೇಲಿನ ಪ್ರಜೆಗಳೂ ಆದರು. ವಾಪಸ್ ಬಿಡದಿದ್ದಾಗ ಕಲ್ಲು ಹಿಡಿಯಲಿಲ್ಲ, ಕೋರ್ಟಿಗೆ ಹೋದರು. 1951ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇನೆ ಹೊಸ ಆದೇಶ ಹೊರಡಿಸಿ ತಡೆಯಿತು. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಊರಿನ ಮನೆಗಳನ್ನೆಲ್ಲ ಸ್ಫೋಟಿಸಿ ನೆಲಸಮ ಮಾಡಿದರು. ಚರ್ಚೊಂದನ್ನು ಬಿಟ್ಟರು.

ಪಕ್ಕದ ಇನ್ನೊಂದು ಕ್ರೈಸ್ತ ಊರು ಕಫ್ರ್ ಬಿರಿಮ್. ಅಲ್ಲಿನವರಿಗೂ ಇದೇ ಭರವಸೆ ಸಿಕ್ಕಿತ್ತು. 1953ರ ಸೆಪ್ಟೆಂಬರ್‌ನಲ್ಲಿ ಅದರ ಮೇಲೆ ವಿಮಾನದಿಂದ ಬಾಂಬ್ ಹಾಕಿದರು. ಆ ಊರಿನ ಒಬ್ಬ ಹುಡುಗ ಎಲಿಯಾಸ್ ಶಕೂರ್ ಮುಂದೆ ಪಾದ್ರಿಯಾದರು, ಆರ್ಚ್‌ಬಿಷಪ್ ಆದರು, ಇಬಿಲಿನ್‌ನಲ್ಲಿ ಶಾಲೆ ಕಟ್ಟಿದರು. 1972ರಲ್ಲಿ ಈ ಎರಡೂ ಊರಿನವರ ಪರವಾಗಿ ಜೆರುಸಲೇಮಿನಲ್ಲಿ ಮೆರವಣಿಗೆ ನಡೆಯಿತು. ಅದರಲ್ಲಿ ಯೆಹೂದ್ಯರೂ ಹೆಜ್ಜೆ ಹಾಕಿದರು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಸ್ರೇಲನ್ನು ಪ್ರೀತಿಸುವವರಲ್ಲೇ ಎಷ್ಟೋ ಜನರಿಗೆ ಇದು ಅನ್ಯಾಯ ಅಂತ ಕಂಡಿತ್ತು. ಪ್ರಧಾನಿ ಗೋಲ್ಡಾ ಮೇಯರ್ ಒಪ್ಪಲಿಲ್ಲ. ಇವರನ್ನು ವಾಪಸ್ ಬಿಟ್ಟರೆ ಹೀಗೇ ಊರು ಕಳೆದುಕೊಂಡ ಉಳಿದವರೂ ಕೇಳುತ್ತಾರೆ ಅನ್ನೋದು ಸರ್ಕಾರದ ಚಿಂತೆಯಾಗಿತ್ತು. ಇವತ್ತಿಗೂ ಇಕ್ರಿತ್‌ನವರು ಸತ್ತ ಮೇಲೆ ಅಲ್ಲಿನ ಸ್ಮಶಾನಕ್ಕೆ ಬರಬಹುದು. ಬದುಕಿದ್ದಾಗ ಅಲ್ಲಿ ಮನೆ ಕಟ್ಟುವಂತಿಲ್ಲ.

ಇದನ್ನು ಓದಿದಾಗ 1 ಅರಸುಗಳು 21ನೇ ಅಧ್ಯಾಯ ನೆನಪಾಗದ ಕ್ರೈಸ್ತ ಇದ್ದಾನಾ? ಅರಸ ಆಹಾಬನಿಗೆ ಅರಮನೆ ಪಕ್ಕದ ನಾಬೋತನ ದ್ರಾಕ್ಷಿತೋಟ ಬೇಕಿತ್ತು. ಪಿತ್ರಾರ್ಜಿತ ಆಸ್ತಿ, ಕೊಡಲ್ಲ ಅಂದ ನಾಬೋತ. ರಾಣಿ ಈಜೆಬೆಲ್ ಸುಳ್ಳು ಸಾಕ್ಷಿ ಹುಟ್ಟಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಪ್ರವಾದಿ ಎಲೀಯ ಹೋಗಿ ಅರಸನ ಎದುರು ನಿಂತು ಕೇಳಿದ, ಕೊಲೆಯನ್ನೂ ಮಾಡಿ ಆಸ್ತಿಯನ್ನೂ ತೆಗೆದುಕೊಂಡೆಯಾ ಅಂತ. ಆಹಾಬ ದೇವರು ಆರಿಸಿಕೊಂಡ ಜನರ ಅರಸ. ದೇವರು ವಾಗ್ದಾನ ಮಾಡಿದ ನಾಡು ಅದು. ಎಲೀಯನಿಗೆ ಇದೆಲ್ಲ ಗೊತ್ತಿತ್ತು. ಹಾಗಂತ ಸುಮ್ನೆ ಇರಲಿಲ್ಲ. ಅವನು ಇಸ್ರೇಲಿನ ಶತ್ರುವಾಗಿದ್ದನಾ? ಆಹಾಬ ಮಾತ್ರ ಹಾಗಂದ. ಎಲೀಯ, ಆಮೋಸ, ಮೀಕ ಇವರೆಲ್ಲ ಇಸ್ರೇಲನ್ನು ಪ್ರಶ್ನಿಸಿದ್ದು ಅದು ಅವರ ಸ್ವಂತ ಜನ ಆಗಿದ್ದಕ್ಕೇ. ಹಾಗಿರುವಾಗ ನಮ್ಮ ಸಭೆಗಳಲ್ಲಿ ಪ್ರಶ್ನೆ ಕೇಳಿದವನು ಶಾಪಗ್ರಸ್ತ ಅನ್ನುವ ಬೋಧನೆ ಯಾವ ಪ್ರವಾದಿಯಿಂದ ಬಂತು?

ಇನ್ನೊಂದು ವಚನವನ್ನೂ ನೋಡಿ. ಅಂತ್ಯಕಾಲದ ಬಗ್ಗೆ ಮಾತಾಡುವವರು ಯೆಹೆಜ್ಕೇಲನ 37, 38ನೇ ಅಧ್ಯಾಯ ಬಾಯಿಪಾಠ ಹೇಳುತ್ತಾರೆ. ಜೀವ ಪಡೆಯುವ ಒಣ ಎಲುಬುಗಳು, ಇಸ್ರೇಲಿನ ಮೇಲೆ ದಂಡೆತ್ತಿ ಬರುವ ಮಾಗೋಗ್ ನಾಡಿನ ಗೋಗ್. ಅದೇ ಪುಸ್ತಕದ 47:22ಕ್ಕೆ ಬರುವುದೇ ಇಲ್ಲ. ನಾಡನ್ನು ಹಂಚುವಾಗ ನಿಮ್ಮ ನಡುವೆ ಇದ್ದು ಮಕ್ಕಳನ್ನು ಹೆತ್ತಿರುವ ಅನ್ಯರಿಗೂ ಪಾಲು ಕೊಡಿ, ಅವರನ್ನು ಸ್ವದೇಶದವರ ಹಾಗೆ ಎಣಿಸಿ ಅನ್ನುತ್ತದೆ ಆ ಮಾತು. ಇದು ದೇಶಕ್ಕೆ ವಾಪಸ್ ಬಂದ ಮೇಲಿನ ಆಜ್ಞೆ. ವಾಪಸ್ ಬಂದಿದ್ದು ಪ್ರವಾದನೆ ಅಂತ ನಂಬುವವರು ಇದನ್ನೂ ನಂಬಬೇಕಲ್ವಾ?

ನಾನು ನಿಂತಿರುವ ಕಡೆಯ ಬಗ್ಗೆಯೂ ಹೇಳಬೇಕು. 2009ರ ಡಿಸೆಂಬರ್‌ನಲ್ಲಿ ಬೇತ್ಲೆಹೇಮಿನಲ್ಲಿ ಪ್ಯಾಲೆಸ್ಟೀನಿನ ಕ್ರೈಸ್ತರು ಕೈರೋಸ್ ಎಂಬ ಹೇಳಿಕೆ ಹೊರಡಿಸಿದರು. 1967ರಿಂದ ಪ್ಯಾಲೆಸ್ಟೀನಿನ ನೆಲದ ಮೇಲಿರುವ ಇಸ್ರೇಲಿನ ಮಿಲಿಟರಿ ಹಿಡಿತವನ್ನು ದೇವರ ಮತ್ತು ಮನುಷ್ಯರ ವಿರುದ್ಧದ ಪಾಪ ಅಂದರು. ಪ್ರೀತಿಯಿಂದಲೇ ಎದುರಿಸಬೇಕು ಅಂದರು. ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೆ ಈ ಹಿಡಿತ ಹೋದರೆ ಭಯವೂ ಹೋಗುತ್ತದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅದನ್ನು ಒಪ್ಪೋದು ಕಷ್ಟ. ಯೆಹೂದ್ಯರ ಭಯ 1967ರಲ್ಲಿ ಹುಟ್ಟಿದ್ದಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1200 ಜನರನ್ನು ಕೊಂದು, 251 ಜನರನ್ನು ಒತ್ತೆ ಹಿಡಿದುಕೊಂಡು ಹೋಯಿತು. ನ್ಯಾಯದ ಬಗ್ಗೆ ಮಾತಾಡುವ ಕೆಲವು ಕ್ರೈಸ್ತರು ಅವತ್ತು ತಡವರಿಸಿದರು. ಹಿನ್ನೆಲೆ ನೋಡಬೇಕು ಅಂದರು. ಮನೆಯೊಳಗೆ ನುಗ್ಗಿ ಮಕ್ಕಳನ್ನು ಕೊಂದಿದ್ದನ್ನು ಪಾಪ ಅನ್ನೋಕೆ ಹಿನ್ನೆಲೆ ಬೇಕಿಲ್ಲ. ಅವತ್ತು ಇಸ್ರೇಲಿನಲ್ಲಿ ವೃದ್ಧರ ಆರೈಕೆ ಕೆಲಸದಲ್ಲಿರುವ ಮಂಗಳೂರು, ಉಡುಪಿ ಕಡೆಯವರ ಮನೆಗಳಲ್ಲಿ ಎಷ್ಟು ಆತಂಕ ಇತ್ತು ಅಂತ ಕರಾವಳಿಯವರಿಗೆ ಗೊತ್ತು.

ಆಮೇಲೆ ಗಾಜಾ. ಯುದ್ಧಕ್ಕೆ ಮುಂಚೆ ಅಲ್ಲಿ ಇದ್ದ ಕ್ರೈಸ್ತರು ಸುಮಾರು ಸಾವಿರ. ಅಕ್ಟೋಬರ್ 19ರ ರಾತ್ರಿ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದ ಕಟ್ಟಡ ಇಸ್ರೇಲಿ ದಾಳಿಗೆ ಕುಸಿದು, ಆಶ್ರಯ ಪಡೆದಿದ್ದ ಹತ್ತಕ್ಕೂ ಹೆಚ್ಚು ಜನ ಸತ್ತರು. ಪೋಪ್ ಫ್ರಾನ್ಸಿಸ್ ತಾವು ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದಾಗಲೂ ಗಾಜಾದ ಹೋಲಿ ಫ್ಯಾಮಿಲಿ ಚರ್ಚಿಗೆ ಫೋನ್ ಮಾಡಿ ಊಟ ಆಯ್ತಾ, ಹೇಗಿದ್ದೀರಿ ಅಂತ ವಿಚಾರಿಸುತ್ತಿದ್ದರು. ಬೇತ್ಲೆಹೇಮಿನ ಲೂಥರನ್ ಪಾದ್ರಿ ಮುಂಥರ್ ಐಸಾಕ್ ಆ ವರ್ಷದ ಗೋದಲಿಯಲ್ಲಿ ಬಾಲಯೇಸುವನ್ನು ಕಲ್ಲುಮಣ್ಣಿನ ರಾಶಿಯಲ್ಲಿ ಮಲಗಿಸಿದರು. ಕೆಲವರಿಗೆ ಅದು ರಾಜಕೀಯ ಅನ್ನಿಸಿತು. ಹೆರೋದನ ಸೈನಿಕರಿಂದ ತಪ್ಪಿಸಿಕೊಂಡು ಐಗುಪ್ತಕ್ಕೆ ಓಡಿದ ಕೂಸಿನ ಕಥೆಯಲ್ಲಿ ರಾಜಕೀಯ ಇಲ್ಲದ ಭಾಗ ಯಾವುದು ಅಂತ ನನಗೆ ಗೊತ್ತಿಲ್ಲ.

ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ ಈ ವಿಷಯದಲ್ಲಿ ಎಷ್ಟು ಸೀಳಿತ್ತು ಅಂದರೆ, ಇಸ್ರೇಲಿ ಸೇನೆಗೆ ಸಾಮಾನು ಪೂರೈಸುವ ಕಂಪನಿಗಳಿಂದ ಸಭೆ ಹೂಡಿದ್ದ ಹಣ ವಾಪಸ್ ತೆಗೆಯುವ ನಿರ್ಣಯ 2012ರಲ್ಲಿ 333–331 ಮತಗಳಿಂದ ಬಿತ್ತು, 2014ರಲ್ಲಿ 310–303ರಿಂದ ಗೆದ್ದಿತು. ಅವರು ಕಡೇಪಕ್ಷ ಎದುರುಬದುರು ಕೂತು ವಾದ ಮಾಡಿದರು. ನಮ್ಮಲ್ಲಿ ಆ ವಾದವೂ ನಡೆಯುವುದಿಲ್ಲ.

ಹಾಗಾಗಿ ನನ್ನದೊಂದು ಕೋರಿಕೆ. ಬೆಂಗಳೂರು, ಮಂಗಳೂರಿನಿಂದ ಪವಿತ್ರ ನಾಡಿನ ಯಾತ್ರೆಗೆ ಹೋಗುವವರು ಟೂರ್‌ನವರ ಹತ್ತಿರ ಮೊದಲೇ ಕೇಳಿ. ಸಾಮಾನ್ಯವಾಗಿ ಬಸ್ಸು ಬೇತ್ಲೆಹೇಮಿಗೆ ಹೋಗಿ, ಯೇಸು ಹುಟ್ಟಿದ ಜಾಗ ತೋರಿಸಿ, ಆಲಿವ್ ಮರದ ಶಿಲುಬೆ ಮಾರುವ ಅಂಗಡಿಗೆ ಕರೆದುಕೊಂಡು ಹೋಗಿ ವಾಪಸ್ ಬರುತ್ತದೆ. ನಾಜಿಗಳು ಕೊಂದ ಯೆಹೂದ್ಯರ ನೆನಪಿಗೆ ಜೆರುಸಲೇಮಿನಲ್ಲಿರುವ ಯಾದ್ ವಶೇಮ್ ಸ್ಮಾರಕಕ್ಕೆ ಖಂಡಿತ ಹೋಗಿ, ಅಲ್ಲಿ ಆತುರ ಮಾಡಬೇಡಿ. ಜೊತೆಗೆ ಬೇತ್ಲೆಹೇಮಿನಲ್ಲಿ ಒಂದು ರಾತ್ರಿ ಉಳಿಯಿರಿ. ಭಾನುವಾರದ ಆರಾಧನೆ ಅಲ್ಲಿನ ಸಭೆಯವರ ಜೊತೆ ಮಾಡಿ. ಹತ್ತು ಕಿಲೋಮೀಟರ್ ಕೂಡ ದೂರ ಇಲ್ಲದ ಜೆರುಸಲೇಮಿಗೆ ಈಸ್ಟರ್ ಹಬ್ಬಕ್ಕೆ ಹೋಗಲು ಅವರಿಗೆ ಇಸ್ರೇಲಿನ ಪರ್ಮಿಟ್ ಬೇಕು. ಅದು ಸಿಕ್ಕಿತಾ ಅಂತ ಅವರನ್ನೇ ಕೇಳಿ.