ಟರ್ಬೊ ಅಳಿಯನಿಗೆ ಎಣ್ಣೆ-ನೀರು

ಗುಜರಿಯಲ್ಲಿ ಸಿಕ್ಕ ಟರ್ಬೊವನ್ನು, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಯಂತ್ರವನ್ನು, ಹಳೇ ಪೇಪರಿನಲ್ಲಿ ಸುತ್ತಿಕೊಂಡು ತಂದು ಗ್ಯಾರೇಜಿನ ಬೆಂಚಿನ ಮೇಲೆ ಇಡುವವರ ಮುಖ ನೋಡಬೇಕು. ಮಗಳಿಗೆ ಗಂಡು ಗೊತ್ತಾದ ಕಳೆ!

"ಭಾನುವಾರ ಕೂರಿಸ್ಬಿಡ್ರಿ ಭಾಯ್."

"ಆತು ತಗಳ್ರಿ ಅಣ್ಣಾ."

ಗಂಡು ಗೊತ್ತಾದ ಮೇಲೆ ಛತ್ರ, ಅಡಿಗೆ, ವಾಲಗ, ಬೀಗರ ಮುನಿಸು ಎಲ್ಲ ಬಾಕಿ ಇರುತ್ತದೆ ಎಂದು ದಾವಣಗೆರೆಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಿಲ್ಲ. ಟರ್ಬೊ ವಿಷಯಕ್ಕೆ ಬಂದಾಗ ಮಾತ್ರ ಅದೆಲ್ಲ ಮರೆತುಹೋಗುತ್ತದೆ.

ಕಾರು ಸ್ಪೋರ್ಟ್ಸ್ ಕಾರು. ಅಂದರೆ ಹಿಂದೆ ರೆಕ್ಕೆ ಅಂಟಿಸಿದ, 1,500 ಸಿಸಿಯ ಹಳೇ ಪೆಟ್ರೋಲ್ ಸೆಡಾನ್. 6,000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಸುಮಾರು 3,800 ಲೀಟರ್ ಗಾಳಿ ಕುಡಿಯುತ್ತದೆ. ಹೊರಗಿನ ಗಾಳಿಗಿಂತ ಅರ್ಧ ಬಾರ್, ಅಂದರೆ ಅರ್ಧದಷ್ಟು ಹೆಚ್ಚು ಒತ್ತಡದಲ್ಲಿ ತುರುಕಿದರೆ 5,700 ಲೀಟರ್ ಒಳಗೆ ಹೋಗಬೇಕು. ಬೇಸಿಗೆಯಲ್ಲಿ ಬಡಾವಣೆಗೆ ಬರುವ ಐದು ಸಾವಿರ ಲೀಟರಿನ ನೀರಿನ ಟ್ಯಾಂಕರ್ ಇದೆಯಲ್ಲ, ಅದಕ್ಕಿಂತ ಹೆಚ್ಚು, ಅದೂ ಒಂದೇ ನಿಮಿಷದಲ್ಲಿ. ಈ ಕೆಲಸವನ್ನು ಸೈಲೆನ್ಸರಿನಿಂದ ಬಿಟ್ಟಿ ಹೋಗುವ ಬಿಸಿ ಹೊಗೆಯ ಕೈಲಿ ಮಾಡಿಸಬಹುದು ಎಂದು ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಮಾಡಿಸಿದ್ದ. ಒಂದೇ ಕಡ್ಡಿಯ ಎರಡು ತುದಿಗೆ ಎರಡು ಚಕ್ರ: ಒಂದನ್ನು ಹೊಗೆ ತಿರುಗಿಸುತ್ತದೆ, ಇನ್ನೊಂದು ಗಾಳಿ ಒತ್ತುತ್ತದೆ. ದುರ್ಗದ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರದ ಸುತ್ತನ್ನು ನಿಂತು ಎಣಿಸಬಹುದು. ಇದು ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ.

ಹಾಗಾಗಿ ಗಂಡಿನ ಜಾತಕ ಮೊದಲು ನೋಡಬೇಕು. ಕಡ್ಡಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಕಡ್ಡಿಯನ್ನು ಹಿಡಿಯುವ ಬುಷ್ ಮೇಲೆ ಆಯಿಲ್ ಪದರ ನಿಲ್ಲಲು ಅಷ್ಟು ಜಾಗ ಬೇಕು. ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗೆರೆ ಕಂಡರೆ ಪೇಪರ್ ಸಮೇತ ವಾಪಸ್ ಕೊಡಿ. ಡೀಸೆಲ್ ಕಾರಿನಿಂದ ಬಿಚ್ಚಿದ್ದು ಅಗ್ಗವಾಗಿ ಸಿಗುತ್ತದೆ, ನಿಜ. ಆದರೆ ಪೆಟ್ರೋಲ್ ಇಂಜಿನ್ನಿನ ಹೊಗೆ ಅದಕ್ಕಿಂತ ನೂರಿನ್ನೂರು ಡಿಗ್ರಿ ಹೆಚ್ಚು ಬಿಸಿ. ಡೀಸೆಲ್ ಟರ್ಬೊದೊಳಗೆ ಅಲ್ಲಾಡುವ ಸಣ್ಣ ರೆಕ್ಕೆಗಳಿದ್ದರೆ ಆ ಕಾವಿಗೆ ಅವು ಅಲ್ಲಾಡದಂತೆ ಕಚ್ಚಿಕೊಂಡುಬಿಡುತ್ತವೆ.

ಇನ್ನು ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ತರುವ ಪೈಪುಗಳ ಗೊಂಚಲು. ನಮ್ಮಲ್ಲಿ ವೆಲ್ಡಿಂಗ್‌ಗೆ ಬರವಿಲ್ಲ. ಮಂಡಕ್ಕಿ ಭಟ್ಟಿಯಿಂದ ಮದುವೆ ಮಂಟಪದ ಗೇಟಿನವರೆಗೆ ಎಲ್ಲ ಮಾಡುವ ಕೈಗಳಿವೆ. ಗೇಟಿನ ಪೈಪನ್ನೇ ಇಲ್ಲೂ ಹಾಕುವುದು ಮಾತ್ರ ತಪ್ಪು. ತೆಳು ಪೈಪು 850-900 ಡಿಗ್ರಿಯಲ್ಲಿ ಕೆಂಪಾಗಿ, ಟರ್ಬೊ ಭಾರಕ್ಕೆ ಜೋತುಬಿದ್ದು, ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಮೂರು ಎಂಎಂಗೆ ಕಮ್ಮಿ ಇಲ್ಲದ ದಪ್ಪ ಗೋಡೆಯ ಸ್ಟೀಮ್ ಪೈಪಿನ ಬೆಂಡ್‌ಗಳು, ಇಂಜಿನ್ನಿಗೆ ಬಿಗಿಯಲು 12 ಎಂಎಂ ದಪ್ಪದ ಪಟ್ಟಿ (ಫ್ಲೇಂಜ್) ಬೇಕು. ಬೆಸುಗೆ ಹಾಕುವಾಗ ಫ್ಲೇಂಜನ್ನು ಹಾಳಾದ ಹಳೇ ಸಿಲಿಂಡರ್ ಹೆಡ್ಡಿಗೆ ಬಿಗಿದಿಟ್ಟಿರಬೇಕು, ಇಲ್ಲದಿದ್ದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆಮೇಲೂ ಒಮ್ಮೆ ಲೇತಿನವರ ಹತ್ತಿರ ಮುಖ ಸಮ ಮಾಡಿಸಿ, ಸಿಲಿಂಡರ್ ನಡುನಡುವೆ ಫ್ಲೇಂಜನ್ನು ಕೊಯ್ದುಬಿಡಿ. ಕಾದಾಗ ಹಿಗ್ಗಲು ಜಾಗ ಸಿಗದಿದ್ದರೆ ಅದು ಬಿಗಿದ ಸ್ಟಡ್ (ಬೋಲ್ಟ್) ಮುರಿದು ಜಾಗ ಮಾಡಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಬಾನೆಟ್ ಮುಚ್ಚಲು ಹೋದರೆ ಮುಚ್ಚುವುದಿಲ್ಲ. ಇದು ಎಷ್ಟು ಸಾಮಾನ್ಯವೆಂದರೆ, ಬಾನೆಟ್ ಮುಚ್ಚಿದ ಟರ್ಬೊ ಕಾರು ಕಂಡರೆ ಎರಡನೇ ಮ್ಯಾನಿಫೋಲ್ಡ್ ಎಂದೇ ತಿಳಿಯಬೇಕು. ರಟ್ಟಿನ ಡಬ್ಬಿಯಲ್ಲಿ ಟರ್ಬೊ ಗಾತ್ರದ ಗೊಂಬೆ ಮಾಡಿ ಇಟ್ಟು ನೋಡಿದ್ದರೆ ಒಂದು ಮ್ಯಾನಿಫೋಲ್ಡ್ ಉಳಿಯುತ್ತಿತ್ತು. ಪಕ್ಕದಲ್ಲಿ ಹಾದುಹೋಗುವ ವೈರುಗಳನ್ನೂ ಗಮನಿಸಿ. ಹಾರ್ನಿನ ವೈರಿನ ಮೇಲ್ಪದರ ಕರಗಿ ಬಾಡಿಗೆ ತಾಗಿತೆಂದರೆ, ಯಾರೂ ಒತ್ತದೆ ಪಿ.ಬಿ. ರೋಡ್ ಉದ್ದಕ್ಕೂ ಕಾರು ತಾನೇ ಕೂಗಿಕೊಂಡು ಹೋಗುತ್ತದೆ. ಅಲ್ಲಿ ಅದನ್ನು ಯಾರೂ ವಿಶೇಷ ಎಂದುಕೊಳ್ಳದಿರುವುದೇ ಪುಣ್ಯ.

ಇಷ್ಟಾದ ಮೇಲೆ ಅಳಿಯ ಮನೆಗೆ ಬಂದ. ಮೊದಲ ದೀಪಾವಳಿಗೆ ಬಂದವನಿಗೆ ಎಣ್ಣೆ-ನೀರು ಹಾಕುವುದು ಪದ್ಧತಿ. ಎಣ್ಣೆ ಹಚ್ಚುವುದಕ್ಕೆ ಎಲ್ಲರೂ ಮುಂದು, ಬಚ್ಚಲಿನ ನೀರು ಹೊರಗೆ ಹೋಗುತ್ತದೋ ಇಲ್ಲವೋ ನೋಡುವವರಿಲ್ಲ. ಟರ್ಬೊಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ. ಬೇರಿಂಗ್ ದಾಟಿದ ಮೇಲೆ ಒತ್ತಡವೂ ಇಲ್ಲ ಏನೂ ಇಲ್ಲ, ನೊರೆ ನೊರೆಯಾಗಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅದಕ್ಕೇ ಒಳಬರುವ ಪೈಪು ಪೆನ್ಸಿಲ್ ಗಾತ್ರವಿದ್ದರೂ ಹೊರಹೋಗುವುದಕ್ಕೆ ಕನಿಷ್ಠ ಅರ್ಧ ಇಂಚು ಬೇಕು, 16 ಎಂಎಂ ಇದ್ದರೆ ನೆಮ್ಮದಿ. ಎಲ್ಲೂ ಮೇಲೆದ್ದು ಇಳಿಯಬಾರದು, ಇಂಜಿನ್ನಿನ ಅಡಿಯ ಚೇಂಬರಿನಲ್ಲಿ ಆಯಿಲ್ ನಿಲ್ಲುವ ಮಟ್ಟಕ್ಕಿಂತ ಮೇಲೆಯೇ ಸೇರಬೇಕು. ಕೆಳಗೆ ಸೇರಿಸಿದರೆ ಆಯಿಲ್ ಹಿಂದಕ್ಕೆ ಕಟ್ಟಿಕೊಂಡು, ಬಳೆಯಂಥ ಸಣ್ಣ ಸೀಲ್ ದಾಟಿ, ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗಿ ಬರುತ್ತದೆ. ಆಗ ಎಲ್ಲರೂ ಬೈಯುವುದು ಅಳಿಯನನ್ನೇ. ಸೀಲ್ ಹೋಗಿದೆ ಎಂದು ಟರ್ಬೊ ಬದಲಿಸುತ್ತಾರೆ. ಮತ್ತೆ ಹೊಗೆ. ಮತ್ತೊಂದು ಟರ್ಬೊ. ಕಟ್ಟಿದ ಬಚ್ಚಲಿಗೆ ಮೂರನೇ ಅಳಿಯ ಬಂದರೂ ಮನೆ ತುಂಬ ನೀರೇ.

ಪ್ಯಾಕಿಂಗ್ ಬದಲು ಸಿಲಿಕಾನ್ ಪೇಸ್ಟ್ ಮೆತ್ತುವ ಚಾಳಿ ಇನ್ನೊಂದು. ಹೊರಗೆ ಕಾಣುವಷ್ಟೇ ಒಳಗೂ ಉಬ್ಬಿ, ತುಣುಕು ಕಿತ್ತು, ತೂತಿಗೆ ಬಿರಡೆ ಹಾಕುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವುದು) ಮತ್ತು ಇಗ್ನಿಷನ್ ಕನೆಕ್ಷನ್ ಕಿತ್ತು, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ. ಡ್ರೈನ್ ಪೈಪಿನಿಂದ ಆಯಿಲ್ ಸುರಿಯುವುದನ್ನು ಕಣ್ಣಾರೆ ಕಂಡ ಮೇಲೆ ಮುಂದಿನ ಮಾತು.

ಗಾಳಿ ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿ ಗಾಳಿ ಅರ್ಧ ಬಾರ್ ಒತ್ತಡಕ್ಕೆ ಹೆಚ್ಚುಕಡಿಮೆ 95 ಡಿಗ್ರಿಯಾಗಿ ಹೊರಬರುತ್ತದೆ. ಅದಕ್ಕೇ ಆ ಗಾಳಿ ತಣಿಸಲು ಕಾರಿನ ಮುಂದೆ ಇಂಟರ್‌ಕೂಲರ್. ಅದರ ಮುಂದೆ ಆಯುಧ ಪೂಜೆಯ ಚೆಂಡುಹೂವಿನ ಹಾರ. ಹಾರ ಒಣಗಿ ಉದುರುವ ತನಕ ಬಿಚ್ಚುವುದಿಲ್ಲ. ಉದುರಿದ ಎಸಳು ಜಾಲರಿಯೊಳಗೆ ಸಿಕ್ಕಿಕೊಂಡು ದೀಪಾವಳಿಗೂ ಅಲ್ಲೇ ಇರುತ್ತದೆ. ಭಕ್ತಿ ಇರಲಿ, ಕತ್ತರಿಯೂ ಇರಲಿ.

ಈ ಗಾಳಿ ಸಾಗಿಸುವ ಪೈಪುಗಳ ತುದಿಗೆ ಉಬ್ಬು ಗೆರೆ ತೆಗೆಸದೆ ಬರೀ ನಯವಾದ ಪೈಪಿಗೆ ರಬ್ಬರ್ ಹೋಸ್ ತೂರಿಸಿ ಕ್ಲಿಪ್ ಬಿಗಿದರೆ ಮೂರನೇ ಗೇರಿನಲ್ಲಿ ಢಬ್ ಎಂದು ಕಳಚುತ್ತದೆ. ಟೈರ್ ಸಿಡಿಯಿತೆಂದು ಇಳಿದು ನಾಲ್ಕೂ ಚಕ್ರ ಒದ್ದು ನೋಡುವುದು ಆಗಲೇ. ಇದನ್ನು ರೋಡಿಗಿಳಿಯುವ ಮುಂಚೆಯೇ ಕಂಡುಹಿಡಿಯಲು ಪಂಕ್ಚರ್ ಅಂಗಡಿ ಸಾಕು. ಟರ್ಬೊ ಬಾಯಿಗೆ ಕೂರುವ ಪಿವಿಸಿ ಎಂಡ್ ಕ್ಯಾಪಿಗೆ 11.5 ಎಂಎಂ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ, ಹೋಸ್ ಮತ್ತು ಕ್ಲಿಪ್ಪಿನಿಂದ ಬಿಗಿಯಿರಿ.

"ಯಾವ ಟೈರಿಗ್ರಿ ಸಾರ್?"

"ಇಲ್ಲಿಗೆ." ಬೆರಳು ಬಾನೆಟ್ ಒಳಗೆ ತೋರಿಸುತ್ತದೆ.

ಪಂಕ್ಚರ್ ಅಂಗಡಿಯ ಹುಡುಗ ಒಮ್ಮೆ ಸಾರ್ ಮುಖ, ಒಮ್ಮೆ ಇಂಜಿನ್ ನೋಡಿ, ಗನ್ ಹಿಡಿಯುತ್ತಾನೆ. ಹದಿನೈದು ಪಿಎಸ್ಐ ಸಾಕು, ಟೈರಿನ ಲೆಕ್ಕದಲ್ಲಿ ಮೂವತ್ತಕ್ಕೆ ಹೋಗಬಾರದು. ಕ್ಯಾಪಿನ ಎದುರು ಯಾರೂ ನಿಲ್ಲಬಾರದು. ಟ್ಯೂಬ್ ಅದ್ದುವ ಬಾನಿಯ ಸೋಪಿನ ನೀರನ್ನೇ ಕೀಲುಗಳಿಗೆ ಬಳಿದರೆ ಗುಳ್ಳೆ ಎಲ್ಲಿ ಎಂದು ಅವನೇ ನಿಮಗಿಂತ ಮೊದಲು ಹೇಳುತ್ತಾನೆ. ಆಯಿಲ್ ಕಡ್ಡಿಯ ತೂತಿನಲ್ಲಿ ಜೋರಾಗಿ ಬುಸ್ ಎಂದರೆ ಇಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಒನ್‌ವೇ ವಾಲ್ವ್ ಹಾಕಿಲ್ಲ ಎಂದರ್ಥ. ಹಾಗೇ ಓಡಿಸಿದರೆ ಕಡ್ಡಿ ಚಿಮ್ಮಿ ಬಾನೆಟ್ಟಿನ ಅಡಿಗೆಲ್ಲ ಆಯಿಲ್ ಒಗ್ಗರಣೆ ಬೀಳುತ್ತದೆ.

ಪೆಟ್ರೋಲಿನ ಲೆಕ್ಕದಲ್ಲಿ ಮಾತ್ರ ಕೈಬಿಗಿ ಮಾಡಬೇಡಿ. 150 ಎಚ್‌ಪಿ ಬೇಕೆಂದರೆ ನಿಮಿಷಕ್ಕೆ 300 ಸಿಸಿ ಕೊಡುವ ನಾಲ್ಕು ಇಂಜೆಕ್ಟರ್ ಬೇಕು. ನಮ್ಮ ಬಂಕಿನದು ಶೇ 20 ಎಥೆನಾಲ್ ಬೆರೆತದ್ದು, ಬರೀ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕ ಇದಕ್ಕೆ ಹೊಂದದು. ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆ ನೋಡಿ ಗಾಳಿ-ಇಂಧನದ ಪಾಲು ಅಳೆಯುವುದು) ಹಾಕಿ ಲ್ಯಾಂಬ್ಡಾದಲ್ಲೇ, ಅಂದರೆ ಬೇಕಾದ ಗಾಳಿಯಲ್ಲಿ ಸಿಕ್ಕಿದ ಪಾಲೆಷ್ಟು ಎಂಬುದರಲ್ಲೇ ಓದಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 0.8ರ ಆಸುಪಾಸು ಇಡಿ. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು, ಗ್ಯಾಪ್ 0.7 ಎಂಎಂ. ಕಂಪ್ರೆಷನ್ ಅನುಪಾತ (ಸಿಲಿಂಡರ್ ಗಾಳಿಯನ್ನು ಎಷ್ಟು ಪಟ್ಟು ಅಮುಕುತ್ತದೆ ಎಂಬುದು) 10ಕ್ಕಿಂತ ಮೇಲಿರುವ ಇಂಜಿನ್ನಿಗೆ ಅರ್ಧ ಬಾರ್ ಮೀರಬೇಡಿ. ಕಟಕಟ ಸದ್ದು ಕೇಳಿದ ಕೂಡಲೇ ಕಾಲು ತೆಗೆಯಬೇಕು. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡುಗಳ ನಡುವಿನ ದಡ ಮುರಿಯುವುದು ಕ್ಷಣದ ಕೆಲಸ.

ಇಷ್ಟಕ್ಕೂ ಒತ್ತಡಕ್ಕೆ ಕಡಿವಾಣ ಹಾಕುವ ವೇಸ್ಟ್‌ಗೇಟಿಗೆ ಹೋಗುವುದು ಒಂದು ಗೇಣುದ್ದದ ಸಣ್ಣ ಹೋಸ್. ಅದಕ್ಕೆ ಮೀನಿನ ತೊಟ್ಟಿಯ ಪ್ಲಾಸ್ಟಿಕ್ ಪೈಪ್ ಹಾಕುವವರಿದ್ದಾರೆ. ಬಿಸಿಗೆ ಮೆತ್ತಗಾಗಿ ಕಳಚಿತೆಂದರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ, ಮುಳ್ಳು ಅರ್ಧ ಬಾರ್ ದಾಟಿ ಏರುತ್ತಲೇ ಇರುತ್ತದೆ. "ಹೆಂಗ್ ಓಡ್ತೈತಿ ನೋಡ್ಲೇ!" ಎಂದು ಗೆಳೆಯನಿಗೆ ಹೇಳುವ ಆ ಹತ್ತು ಸೆಕೆಂಡು ಇಂಜಿನ್ನಿನ ಕೊನೆಯ ಹತ್ತು ಸೆಕೆಂಡೂ ಆಗಬಹುದು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ಇದ್ಯಾವುದೂ ಇಷ್ಟವಿಲ್ಲ. 182ಎ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಇಂಥ ಕಾರಿಗೆ ಜಾಗ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್, ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗಿ ಇಳಿಸಬೇಕು.

ಓಡಿಸಿ ಬಂದವರು ಕೀಲಿ ತಿರುಗಿಸಿ ತಕ್ಷಣ ಇಳಿಯುವುದು ಕೊನೆಯ ತಪ್ಪು. ಇಂಜಿನ್ ನಿಂತರೆ ಆಯಿಲ್ ನಿಂತಿತು. ಕೆಂಪಗೆ ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸೀದು ಇದ್ದಿಲಾಗಿ ಬೇರಿಂಗಿಗೆ ಹತ್ತಿಕೊಳ್ಳುತ್ತದೆ. ಒಂದೆರಡು ನಿಮಿಷ ಸುಮ್ಮನೆ ಐಡಲ್‌ನಲ್ಲಿ ಬಿಡಬೇಕು. ಟ್ರ್ಯಾಕಿನಲ್ಲಿ ಸುತ್ತು ಮುಗಿಸಿ ಅಲ್ಲಿನ ಅಂಗಳದಲ್ಲಿ ನಿಂತ ಕಾರಿನ ಸುತ್ತ ಗೆಳೆಯರು ಸೇರಿ, "ಆಫ್ ಮಾಡ್ರಿ ಮಾರಾಯ್ರೆ, ಹೊಟ್ಟೆ ಹಸ್ದೈತಿ" ಎಂದರೂ ಬಿಡಬೇಕು. ಅವರನ್ನು ಬೆಣ್ಣೆದೋಸೆಗೆ ಮುಂದೆ ಕಳಿಸಿ. ಕಾವಲಿ ಮೇಲೆ ಬೆಣ್ಣೆ ಬೀಳುವಷ್ಟರಲ್ಲಿ ಅಳಿಯ ತಣ್ಣಗಾಗಿರುತ್ತಾನೆ.