ಹೆರಿಗೆಗೆ ಮೊದಲು ದುಡ್ಡಿನ ಮಾತು ಆಡಬಾರದಂತೆ!

ಇದನ್ನು ಬರೆಯದೆ ಮಲಗಿದರೆ ಇವತ್ತು ನನಗೆ ನಿದ್ದೆ ಬರಲ್ಲ. ಪರಿಚಯದವರ ಸೊಸೆಗೆ ಹೆರಿಗೆಯಾಗಿತ್ತು, ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಸಿಸೇರಿಯನ್ ಆಗಿ ಎರಡನೇ ದಿನ. ಹುಡುಗಿ ಮಗ್ಗುಲು ಬದಲಾಯಿಸೋಕೆ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚುತ್ತಿದ್ದಾಳೆ. ಪಕ್ಕದಲ್ಲೇ ಕುರ್ಚಿಯಲ್ಲಿ ಕೂತ ಮನೆಯ ಹಿರಿಯರೊಬ್ಬರು ಅಲ್ಲಿಯವರೆಗಿನ ಬಿಲ್ಲಿನ ಹಾಳೆ ತಿರುವಿ ಹಾಕುತ್ತಾ, ಅವಳಿಗೆ ಕೇಳಿಸುವ ಹಾಗೇ ಹೇಳಿದರು: "ಇನ್ನೊಂಚೂರು ನೋವು ತಡ್ಕೊಂಡಿದ್ರೆ ನಾರ್ಮಲ್ಲೇ ಆಗ್ತಿತ್ತು. ಈಗ ನೋಡಿ ಎಷ್ಟಾಯ್ತು ಅಂತ."

ತಡ್ಕೊಂಡಿದ್ರೆ! ಇಡೀ ರಾತ್ರಿ ನೋವು ತಿಂದು, ಕೊನೆಗೆ ಮಗುವಿನ ಎದೆಬಡಿತ ಇಳೀತಾ ಇದೆ ಅಂತ ಓಡೋಡಿ ಥಿಯೇಟರಿಗೆ ತಗೊಂಡು ಹೋದ ಹುಡುಗಿ ಅವಳು. ನಾನು "ಹಾಗಂತ ಡಾಕ್ಟರು ಹೇಳಿದ್ರಾ?" ಅಂದೆ. ಉತ್ತರ ಇಲ್ಲ. ಮತ್ತೆ ಹಾಳೆ ತಿರುವೋ ಸದ್ದು.

ನನ್ನ ಕಥೆ ನಿಮಗೆ ಗೊತ್ತೇ ಇದೆ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಗಾಜಿನ ಹಿಂದೆ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಮೂಳೆ ಮುರಿದವರ ಕಡೆಯವರು ಬಂದು ಎಸ್ಟಿಮೇಟ್ ಕೇಳ್ತಾರೆ. ಕಣ್ಣಿನ ಪೊರೆ ತೆಗೆಸೋರು ಯಾವ ಲೆನ್ಸಿಗೆ ಎಷ್ಟು ಅಂತ ನಾಲ್ಕು ಕಡೆ ವಿಚಾರಿಸಿ ಬರ್ತಾರೆ. ಹೆರಿಗೆಯವರು ಮಾತ್ರ ಕೇಳಲ್ಲ. ಅಲ್ಲಾ ಸ್ವಾಮಿ, ತಿಂಗಳುಗಟ್ಟಲೆ ಮೊದಲೇ ಹೇಳಿ ಬರುವ ಆಸ್ಪತ್ರೆ ಖರ್ಚು ಅಂತ ಇದ್ದರೆ ಇದೊಂದೇ. ಇದನ್ನೇ ಯಾರೂ ಕೇಳಲ್ಲ! ಗಂಡನಾದವನು ಕೇಳಿದರೆ "ಈಗಲೇ ಆಪರೇಷನ್ ಮಾತು ಯಾಕೆ, ಒಳ್ಳೇದು ಮಾತಾಡು" ಅಂತಾರೆ. ಬಸುರಿಯೇ ಕೇಳಿದರಂತೂ ಮುಗೀತು, "ಇವಳಿಗೆ ನೋವು ತಿನ್ನೋಕೆ ಇಷ್ಟ ಇಲ್ಲ" ಅನ್ನೋ ಪಟ್ಟ ಅಲ್ಲೇ ಕಟ್ಟಿಬಿಡ್ತಾರೆ. ಮೊದಲು ಬಾಯಿಗೆ ಬೀಗ, ಆಮೇಲೆ ಅವಳ ತಲೆದಿಂಬಿನ ಪಕ್ಕದಲ್ಲೇ ಲೆಕ್ಕ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಆಗುವ ಐದು ಹೆರಿಗೆಯಲ್ಲಿ ಒಂದಕ್ಕಿಂತ ತುಸು ಹೆಚ್ಚೇ ಸಿಸೇರಿಯನ್. 2030ರ ಹೊತ್ತಿಗೆ ಅದು ಶೇ 29ರ ಹತ್ತಿರ ಹೋಗಬಹುದು ಅನ್ನೋದು ಅವರದೇ ಅಂದಾಜು. ಬ್ರೆಜಿಲ್‌ನಂಥ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು. ಇಷ್ಟು ಸಾಮಾನ್ಯವಾಗಿ ಆಗೋದನ್ನು "ನಮಗೆ ಆಗಲ್ಲ ಬಿಡಿ" ಅಂತ ಕೂರೋದಕ್ಕೆ ಧೈರ್ಯ ಅನ್ನಲ್ಲ, ಉಡಾಫೆ ಅಂತಾರೆ.

ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ತಿಳ್ಕೊಳ್ಳದೆ ಬೈಯೋರಿಗಾಗಿ ಹೇಳ್ತೀನಿ, ಕೇಳಿ. ಆಪರೇಷನ್ ಹೆಚ್ಚು ಕಡಿಮೆ ಮುಕ್ಕಾಲು ಗಂಟೆ, ಒಂದು ಗಂಟೆ. ಮಗು ಹೊರಗೆ ಬರೋದು ಸಾಮಾನ್ಯವಾಗಿ ಮೊದಲ ಹತ್ತು ನಿಮಿಷದೊಳಗೇ. ಉಳಿದ ಹೊತ್ತೆಲ್ಲ ಗರ್ಭಕೋಶದಿಂದ ಶುರುಮಾಡಿ ಚರ್ಮದವರೆಗೆ ಪದರ ಪದರ ಹೊಲಿಯೋದು. ಆ ಹೊಲಿಗೆ ದಾರ ಬಿಲ್ಲಿನಲ್ಲಿ ಪೊಟ್ಟಣದ ಲೆಕ್ಕದಲ್ಲಿ ಬರುತ್ತೆ, ಗರ್ಭಕೋಶಕ್ಕೆ ಒಂದು ಥರದ್ದು, ಚರ್ಮಕ್ಕೆ ಇನ್ನೊಂದು ಥರದ್ದು. ಬೆನ್ನಿಗೆ ಚುಚ್ಚುವ ಸೂಜಿ, ಮೂತ್ರದ ಪೈಪು, ಹೊದಿಸುವ ಬಟ್ಟೆ, ಎಷ್ಟೋ ಜೊತೆ ಗ್ಲೌಸು, ಎಲ್ಲಕ್ಕೂ ಒಂದೊಂದು ಸಾಲು. ಆಪರೇಷನ್ ಮಾಡುವ ಡಾಕ್ಟರು, ಅವರ ಜೊತೆಗೊಬ್ಬ ಅಸಿಸ್ಟೆಂಟು, ಅರಿವಳಿಕೆ ಡಾಕ್ಟರು, ಮಗುವನ್ನು ಕೈಗೆ ತಗೊಳ್ಳೋಕೆ ಮಕ್ಕಳ ಡಾಕ್ಟರು. ಥಿಯೇಟರ್ ಚಾರ್ಜು ಬೇರೆ. ನಾರ್ಮಲ್ಲಿಗಿಂತ ಒಂದೆರಡು ದಿನ ಜಾಸ್ತಿ ಮಲಗಬೇಕು, ಅದರ ರೂಮ್ ಬಾಡಿಗೆ ಬೇರೆ. ಎಷ್ಟೋ ಕಡೆ ರೂಮ್ ದೊಡ್ಡದಾದಂತೆ ಡಾಕ್ಟರ ಫೀಸೂ ಏರುತ್ತೆ. ಟೀವಿ, ಸೋಫಾ ಇರೋ ರೂಮೇ ಬೇಕು ಅಂತ ಹಟ ಹಿಡಿದವರು ಆಮೇಲೆ ಕೌಂಟರಿಗೆ ಬಂದು "ಆಪರೇಷನ್ನಿಗೆ ಇಷ್ಟು ಯಾಕೆ?" ಅಂತ ನನ್ನ ಮೇಲೆ ಕೂಗಾಡಿದ್ದಾರೆ. ಸೋಫಾದ ಮೇಲೆ ಮಲಗಿದ್ದು ಬಾಣಂತಿ ಅಲ್ಲ, ಅವರು.

ಜನಕ್ಕೆ ಹೊಳೆಯದೇ ಇರೋದು ಮಗುವಿನ ಬಿಲ್ಲು. ಮಗು ಹೊರಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಇನ್ನೊಂದು ಹೆಸರು ತೆರೆದುಕೊಳ್ಳುತ್ತೆ, 'ಬೇಬಿ ಆಫ್' ಇಂಥವರು ಅಂತ. ಅಲ್ಲಿಂದ ಅದರ ಲೆಕ್ಕವೇ ಬೇರೆ. ಕಾಮಾಲೆಗೆ ನೀಲಿ ದೀಪದ ಕೆಳಗೆ ಮಲಗಿಸಿದರೆ ಅದು ಬೇರೆ, ಎನ್‌ಐಸಿಯು, ಅಂದರೆ ಆಗತಾನೇ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕ, ಸೇರಿದರೆ ದಿನದ ಲೆಕ್ಕ ಬೇರೆ. 39 ವಾರ ತುಂಬೋ ಮೊದಲು ಯೋಜನೆ ಹಾಕಿ ಸಿಸೇರಿಯನ್ ಮಾಡಿಸಿದರೆ ಮಗುವಿಗೆ ಉಸಿರಾಟದ ತೊಂದರೆ ಬರೋ ಸಾಧ್ಯತೆ ಜಾಸ್ತಿ. ವೈದ್ಯಕೀಯ ಕಾರಣ ಇಲ್ಲದೆ, ಮನೆಮಂದಿಯ ರಜೆ ಹೊಂದಿಸಿಕೊಂಡು ದಿನವನ್ನು ಹಿಂದಕ್ಕೆ ಎಳೆಸೋರು ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಇನ್ನು 'ಪ್ಯಾಕೇಜ್'. ಆಹಾ, ಎಷ್ಟು ಚೆಂದದ ಮಾತು! ಕೇಳಿದ ತಕ್ಷಣ ಎಲ್ಲರೂ ನಿಟ್ಟುಸಿರು ಬಿಡ್ತಾರೆ. ಅದರಲ್ಲಿ ಏನೇನಿದೆ ಅಂತ ಎಲ್ಲರೂ ಕೇಳ್ತಾರೆ, ಏನೇನಿಲ್ಲ ಅಂತ ಕೇಳಿದವರು ಅಪರೂಪ. ರಕ್ತ ಕೊಡಬೇಕಾಗಿ ಬಂದರೆ ಒಳಗಾ ಹೊರಗಾ? ಒಂದು ದಿನ ಜಾಸ್ತಿ ಇರಬೇಕಾದರೆ? ರಾತ್ರಿ ಎರಡು ಗಂಟೆಗೆ ತುರ್ತಾಗಿ ಮಾಡಿದರೆ? ಮಗುವಿನ ಖರ್ಚು? ನಾರ್ಮಲ್ ಅಂತ ಸೇರಿ, ದಿನವಿಡೀ ಲೇಬರ್ ವಾರ್ಡಿನಲ್ಲಿದ್ದು, ಆಮೇಲೆ ಸಿಸೇರಿಯನ್ ಆದರೆ ಎರಡೂ ಕಟ್ಟಬೇಕಾ? ಈ ಪ್ರಶ್ನೆಗಳನ್ನು ಏಳನೇ ತಿಂಗಳಲ್ಲಿ ಕೇಳಿ, ನಾರ್ಮಲ್ಲಿಗೆ ಎಷ್ಟು, ಸಿಸೇರಿಯನ್ನಿಗೆ ಎಷ್ಟು ಅಂತ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಂಡು ಬಂದರೆ ಯಾರಪ್ಪನ ಗಂಟು ಹೋಗುತ್ತೆ? ಮನೆ ಕಟ್ಟಿಸುವಾಗ ಮೇಸ್ತ್ರಿ ಹತ್ತಿರ ಇಟ್ಟಿಗೆ ಇಟ್ಟಿಗೆಗೂ ಲೆಕ್ಕ ಕೇಳೋ ಜನ ಇಲ್ಲಿ ಮಾತ್ರ ಸಂಕೋಚದ ಮುದ್ದೆ ಆಗ್ತಾರೆ.

ವಿಮೆ ಇದೆ ಅಂತ ನಿಶ್ಚಿಂತೆಯಿಂದ ಇರೋರಿಗೂ ಒಂದು ಮಾತು. ಎಷ್ಟೋ ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿ ಅಂತ ಇರುತ್ತೆ, ಅಷ್ಟು ಕಾಲ ಕಳೆಯೋವರೆಗೆ ಹೆರಿಗೆ ಖರ್ಚು ಕೊಡಲ್ಲ, ಬಸುರಿ ಅಂತ ಗೊತ್ತಾದ ಮೇಲೆ ಪಾಲಿಸಿ ಮಾಡಿಸಿದರೆ ಪ್ರಯೋಜನ ಇಲ್ಲ. ಹೆರಿಗೆಗೆ ಇಷ್ಟೇ ಅನ್ನೋ ಮಿತಿ ಬೇರೆ ಇರಬಹುದು, ಪಾಲಿಸಿ ಮೊತ್ತ ಎಷ್ಟೇ ದೊಡ್ಡದಿರಲಿ. ಹುಟ್ಟಿದ ಮಗು ಮೊದಲ ದಿನದಿಂದಲೇ ಪಾಲಿಸಿಯೊಳಗೆ ಬರುತ್ತಾ ಅಂತ ಬೇರೆಯಾಗಿಯೇ ಕೇಳಬೇಕು. ಅಮೆರಿಕದಲ್ಲಿ ನೋಡಿ, ವಿಮೆಯ ಪಟ್ಟಿಯಲ್ಲಿರೋ ಆಸ್ಪತ್ರೆಗೇ ಹೋಗಿ ಹೆತ್ತರೂ, ಅರಿವಳಿಕೆ ಕೊಟ್ಟ ಡಾಕ್ಟರು ಆ ಪಟ್ಟಿಯಲ್ಲಿಲ್ಲ ಅಂತ ಆಮೇಲೆ ಮನೆಗೆ ಬೇರೆ ಬಿಲ್ ಬರ್ತಿತ್ತು. ಬೆನ್ನಿಗೆ ಸೂಜಿ ಹಾಕಿಸಿಕೊಳ್ಳೋವಾಗ "ನೀವು ನಮ್ಮ ವಿಮೆಯೊಳಗೆ ಇದ್ದೀರಾ ಸಾರ್?" ಅಂತ ಕೇಳಬೇಕಿತ್ತೇನೋ! ಅದನ್ನು ತಡೆಯೋಕೆ ಒಂದು ಕಾನೂನೇ ಬೇಕಾಯ್ತು, 2022ರ ಜನವರಿಯಿಂದ ಜಾರಿಗೆ ಬಂತು.

ಈಗ ಬರುತ್ತೆ ನೋಡಿ ಮಾಮೂಲಿ ಮಾತು: "ತಾಯಿ-ಮಗು ಚೆನ್ನಾಗಿದ್ದರೆ ಸಾಕು, ದುಡ್ಡಿನ ಮುಖ ಯಾರು ನೋಡ್ತಾರೆ?" ಯಾರು ನೋಡ್ತಾರೆ ಅಂದ್ರೆ, ಇದೇ ಮಾತು ಹೇಳಿದವರೇ ನೋಡ್ತಾರೆ, ಎರಡನೇ ದಿನ, ವಾರ್ಡಿನಲ್ಲಿ ಕೂತು. ಇನ್ನೊಂದು, "ಈ ಡಾಕ್ಟರುಗಳೆಲ್ಲ ದುಡ್ಡಿಗೋಸ್ಕರವೇ ಕೊಯ್ಯೋದು." ಇದರಲ್ಲಿ ಸುಳ್ಳೇ ಇದೆ ಅಂತ ನಾನು ಹೇಳಲ್ಲ, ಒಳಗಿದ್ದವಳು. ಬೇಡದ ಕಡೆ ಕೊಯ್ದದ್ದೂ ಉಂಟು. 1985ರಲ್ಲಿ ಶೇ 10ರಿಂದ 15 ಸಾಕು ಅಂತ ಹೇಳಿದ್ದ ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ, ಒಂದು ಅಂಕಿ ಹಿಡಿದುಕೊಂಡು ಓಡೋದಕ್ಕಿಂತ ಅಗತ್ಯ ಇರೋ ಹೆಂಗಸಿಗೆ ಸಿಸೇರಿಯನ್ ಸಿಗೋದು ಮುಖ್ಯ ಅಂತ ಹೇಳಿತು. ಸಂಶಯ ಇದ್ದರೆ ಡಾಕ್ಟರ ಹತ್ತಿರ ಹೋಗಿ ಯಾಕೆ ಮಾಡಿದ್ರಿ ಅಂತ ಕೇಳಿ. ಮೊದಲಿನದು ಸಿಸೇರಿಯನ್ ಆಗಿದ್ದರೆ ಮುಂದಿನದು ನಾರ್ಮಲ್ ಆಗಬಹುದಾ ಅಂತಲೂ ಕೇಳಿ, ಸರಿಯಾದ ನಿಗಾದಲ್ಲಿ ಪ್ರಯತ್ನಪಟ್ಟವರಲ್ಲಿ ಬಹುಪಾಲು ಜನಕ್ಕೆ ಆಗಿದೆ. ಕೇಳೋಕೆ ಅಲ್ಲಿ ಧೈರ್ಯ ಬರಲ್ಲ. ಹೊಟ್ಟೆ ಕೊಯ್ಸಿಕೊಂಡು ಮಲಗಿದವಳ ಮುಂದೆ ಮಾತ್ರ ಎಲ್ಲಿಲ್ಲದ ಧೈರ್ಯ.

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ನನಗೆ ಆಗಿದ್ದೂ ಸಿಸೇರಿಯನ್ನೇ. ದಿನವೂ ಊರಿನವರ ಬಿಲ್ಲೆಲ್ಲ ಬರೆಯುತ್ತಿದ್ದ ನನಗೆ ನನ್ನ ಬಿಲ್ಲನ್ನೇ ತೋರಿಸಲಿಲ್ಲ. "ನಿಂಗ್ಯಾಕೆ ಆ ಟೆನ್ಷನ್" ಅಂದರು ಇವರು. ಪ್ರೀತಿಯಿಂದಲೇ ಅಂದರು, ಅನುಮಾನ ಇಲ್ಲ. ಆದರೆ ಆಮೇಲೆ ಯಾವುದೋ ಜಗಳದಲ್ಲಿ "ನಿನ್ನ ಆಪರೇಷನ್ ಸಾಲ" ಅನ್ನೋ ಮಾತು ಬಂತು. ನನ್ನ ಆಪರೇಷನ್ ಅಂತೆ! ಮಗು ಇಬ್ಬರದು, ಸಾಲ ಮಾತ್ರ ನನ್ನ ಹೆಸರಿಗೆ. ಇವರು ಈ ಪೋಸ್ಟ್ ಓದ್ತಾರೆ, ಓದಲಿ.

ಹಾಗಂತ ಎಲ್ಲವನ್ನೂ ಮನೆಯವರೇ ಹೊರಬೇಕು ಅನ್ನೋದೂ ದೇವರು ಬರೆದಿಟ್ಟ ನಿಯಮವೇನಲ್ಲ. ಪಶ್ಚಿಮ ಆಫ್ರಿಕಾದ ಬಡ ದೇಶ ಮಾಲಿ 2005ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಉಚಿತ ಮಾಡಿತು, ಅದೇ ಕಡೆಯ ಬೆನಿನ್ ದೇಶ 2009ರಲ್ಲಿ. ಆಸ್ಪತ್ರೆ ಮುಟ್ಟೋ ಗಾಡಿ ಖರ್ಚು ಮಾತ್ರ ಎಷ್ಟೋ ಜನರ ಪಾಲಿಗೆ ಹಾಗೇ ಉಳಿಯಿತು, ಅದು ಬೇರೆ ಮಾತು. ಫ್ರಾನ್ಸಿನಲ್ಲಿ ಆರನೇ ತಿಂಗಳಿನಿಂದ ಹೆರಿಗೆಯಾದ 12 ದಿನದವರೆಗೆ ಸಾರ್ವಜನಿಕ ವಿಮೆ ತಾನು ಗೊತ್ತುಮಾಡಿದ ದರದ ಪ್ರಕಾರ ಪೂರ್ತಿ ಖರ್ಚು ಕೊಡುತ್ತೆ. ಕೀನ್ಯಾದಲ್ಲಿ ಹೆರಿಗೆ ಬಿಲ್ ಕಟ್ಟೋಕೆ ಆಗಲಿಲ್ಲ ಅಂತ ಇಬ್ಬರು ತಾಯಂದಿರನ್ನು ಆಸ್ಪತ್ರೆಯಲ್ಲೇ ಕೂಡಿಹಾಕಿದ್ದರು. ಹಾಗೆ ಮಾಡಿದ್ದು ತಪ್ಪು ಅಂತ 2015ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. ಅಂದರೆ ಅಂಥದ್ದೂ ನಡೆದಿದೆ. ನೀವಿರೋ ಕಡೆ ಸರ್ಕಾರ ಏನು ಕೊಡುತ್ತೆ, ಕೆಲಸದ ಜಾಗದಿಂದ ಏನು ಬರುತ್ತೆ, ಯಾವ ಕಾಗದ ಬೇಕು, ಇದನ್ನು ಹೊಟ್ಟೆ ದೊಡ್ಡದಾಗೋ ಮೊದಲೇ ಹೋಗಿ ಕೇಳಿ. ನೋವು ಶುರುವಾದ ಮೇಲೆ ಝೆರಾಕ್ಸ್ ಅಂಗಡಿ ಹುಡುಕೋ ಗಂಡಂದಿರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಮನೆಗೆ ಹೊರಡೋವಾಗ ಒಟ್ಟು ಮೊತ್ತದ ಒಂದು ಸಾಲಿನ ರಸೀದಿ ತಗೊಂಡು ಸುಮ್ಮನೆ ಬರಬೇಡಿ, ಪೂರ್ತಿ ವಿವರದ ಬಿಲ್ ಕೇಳಿ. ವಾಪಸ್ ಕೊಟ್ಟ ಔಷಧಿ ಕಳೆದಿದ್ದಾರಾ, ಒಂದೇ ಪರೀಕ್ಷೆ ಎರಡು ಸಲ ಬಿದ್ದಿದೆಯಾ ನೋಡಿ. ಒಟ್ಟಿಗೆ ಕಟ್ಟೋಕೆ ಆಗಲ್ಲ ಅಂದರೆ ಕಂತು ಕೇಳಿ, ರಿಯಾಯಿತಿ ಕೇಳಿ. ಗಾಜಿನ ಹಿಂದೆ ಕೂತವಳಾಗಿ ಹೇಳ್ತಿದ್ದೀನಿ, ಮರ್ಯಾದೆಯಿಂದ ಕೇಳಿದವರ ಬಿಲ್ಲನ್ನು ನಾವು ಮತ್ತೊಮ್ಮೆ ತೆರೆದು ನೋಡ್ತಿದ್ದೆವು.

ಇನ್ನು ಕಾಮೆಂಟಿನಲ್ಲಿ "ನಮ್ಮ ಕಾಲದಲ್ಲಿ ಮನೆಯಲ್ಲೇ ಹೆತ್ವಿ, ಒಂದು ಪೈಸೆ ಖರ್ಚಿರಲಿಲ್ಲ" ಅಂತ ಬರೆಯೋಕೆ ಹೊರಟಿರೋರು ದಯವಿಟ್ಟು ಬರೀರಿ. ಹಾಗೇ ಆ ಕಾಲದಲ್ಲಿ ನಿಮ್ಮ ಕಡೆ ಹೆರಿಗೆಯಲ್ಲೇ ಹೋದವರ ಹೆಸರನ್ನೂ ನೆನಪಿದ್ದಷ್ಟು ಕೆಳಗೆ ಹಾಕಿ.