ಬಾಣದ ಬಿಗಿಯೂ ಬೇಳೆಯ ಸಾರೂ

ಬಾಣವೆಂದರೆ ನೆಟ್ಟಗಿರಬೇಕು, ಬಿಟ್ಟೊಡನೆ ನೆಟ್ಟಗೆ ಹೋಗಬೇಕು ಎಂದು ದೂರದರ್ಶನದ ಪೌರಾಣಿಕ ಧಾರಾವಾಹಿಗಳನ್ನು ನೋಡಿ ಬೆಳೆದ ನಮ್ಮ ಪೀಳಿಗೆ ನಂಬಿಕೊಂಡಿದೆ. ನಿಜ ಸಂಗತಿ ಬೇರೆ. ಸಾಂಪ್ರದಾಯಿಕ ಬಿಲ್ಲಿನ ನಡುವೆ ಬಾಣಕ್ಕೆ ದಾರಿಯಿರುವುದಿಲ್ಲ. ಬಲಗೈಯವನು ಹೆದೆಗೇರಿಸಿದ ಬಾಣ ಬಿಲ್ಲಿನ ಎಡಮಗ್ಗುಲಿಗೆ ಒರಗಿಕೊಂಡು, ಗುರಿಗಿಂತ ಕೊಂಚ ಎಡಕ್ಕೇ ಮುಖ ಮಾಡಿ ನಿಂತಿರುತ್ತದೆ. ಹೆದೆಯನ್ನು ಬಿಟ್ಟಾಗ ಹಿಂದಿನಿಂದ ಬಿದ್ದ ನೂಕಿಗೆ ಅದು ಒಮ್ಮೆ ಒಂದು ಕಡೆಗೆ, ಮರುಗಳಿಗೆಯಲ್ಲಿ ಇನ್ನೊಂದು ಕಡೆಗೆ ಬಾಗಿ, ಹೀಗೆ ಬಳುಕುತ್ತಲೇ ಬಿಲ್ಲನ್ನು ಬಳಸಿಕೊಂಡು ಹೋಗಿ, ಆಮೇಲೆ ಗುರಿಯ ದಾರಿ ಹಿಡಿಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಕ್ಯಾಮೆರಾದಲ್ಲಿ ಈ ಬಳುಕಾಟವನ್ನು ಸೆರೆಹಿಡಿದು ತೋರಿಸಿದರು. ಅಂಥ ಚಿತ್ರಗಳಲ್ಲಿ ಬಾಣವು ಸಂತೆಯ ದಿನ ಮಂಡ್ಯದ ಪೇಟೆಬೀದಿಯಲ್ಲಿ ನುಗ್ಗಿಹೋಗುವ ಸ್ಕೂಟರಿನಂತೆ ಕಾಣುತ್ತದೆ.

ಆದ್ದರಿಂದ ಬಾಣದ ಕಡ್ಡಿ ನೆಟ್ಟಗಿದ್ದರಷ್ಟೇ ಸಾಲದು, ಹದವಾಗಿ ಬಾಗಲೂ ಬೇಕು. ಈ ಗುಣವನ್ನು ಬಿಲ್ಲುಗಾರರು ಸ್ಪೈನ್ ಎನ್ನುತ್ತಾರೆ. ಬಿಲ್ಲಿನ ಬಲಕ್ಕೆ ಕಡ್ಡಿ ತೀರ ಬಿಗಿಯಾದರೆ ಬಾಣ ಎಡಕ್ಕೂ, ತೀರ ಮೆದುವಾದರೆ ಬಲಕ್ಕೂ ಸರಿಯುತ್ತದೆ. ಎಡಚರಿಗೆ ಇದು ತಿರುವುಮುರುವು. ಸ್ಪೈನನ್ನು ಅಳೆಯುವ ಹಳೆಯ ಕ್ರಮ ಸರಳವಾಗಿದೆ. 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು, ಅವುಗಳ ಮೇಲೆ ಕಡ್ಡಿಯನ್ನಿರಿಸಿ, ನಟ್ಟನಡುವೆ 2 ಪೌಂಡ್, ಅಂದರೆ 907 ಗ್ರಾಂ ತೂಗುಹಾಕಿ, ಕಡ್ಡಿ ಎಷ್ಟು ಇಂಚು ಜಗ್ಗಿತೋ ಅದರಿಂದ 26ನ್ನು ಭಾಗಿಸಬೇಕು. 0.52 ಇಂಚು ಜಗ್ಗಿದರೆ ಅದು 50 ಪೌಂಡಿನ ಕಡ್ಡಿ, ಅಂದರೆ ಸುಮಾರು 50 ಪೌಂಡ್ ಎಳೆತದ ಬಿಲ್ಲಿಗೆ ಹೊಂದುವಂಥದ್ದು. ನನ್ನ ಬಿಲ್ಲಿಗೆ ಬೇಕಾಗಿದ್ದುದು ಅದೇ.

ಮೈಸೂರಿನ ನಮ್ಮ ಮನೆಯ ಅಡುಗೆಮನೆಗೆ ಹೊಂದಿಕೊಂಡ ಉಗ್ರಾಣದ ಗೋಡೆಗೆ ಮೊಳೆ ಹೊಡೆಯುವಾಗ ಗಾರೆಯ ಹೋಳೊಂದು ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಬಿದ್ದಿತಾದರೂ ಒಳಗೆ ಬೀಳಲಿಲ್ಲವಾದ್ದರಿಂದ ಅದನ್ನು ಅನಾಹುತಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ತೂಕಕ್ಕೆ 907 ಗ್ರಾಂ ತೊಗರಿಬೇಳೆಯನ್ನು ಒಂದು ಕೈಚೀಲದಲ್ಲಿ ತುಂಬಿ ನೇತುಹಾಕಿದೆ. ಬಿದಿರಿನ ಕಡ್ಡಿಗಳಲ್ಲಿ ಅರ್ಧವನ್ನು ಆ ದಿನವೇ ಅಳೆದು, ಉಳಿದರ್ಧವನ್ನು ಮರುದಿನ ಅಳೆದಾಗ ಬಹುಪಾಲು ಕಡ್ಡಿಗಳು 50 ಪೌಂಡಿಗೆ ಸರಿಯಾಗಿ ಬಂದು ನಿಂತವು. ಬಿದಿರು ಒಂದೊಂದು ಗಳವೂ ಒಂದೊಂದು ಸ್ವಭಾವದ ವಸ್ತು, ಅದರಲ್ಲಿ ಇಷ್ಟೊಂದು ಒಮ್ಮತ ಕಂಡುಬಂದದ್ದು ನನಗೆ ಮಹಾ ಸಂತೋಷ ತಂದಿತು. ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ, "ನಿನ್ನೆ ಸಾರಿಗೆ ಬೇಳೆ ಸಾಲದೆ ಬಂತು, ನೀನು ನೇತುಹಾಕಿದ್ದೆಯಲ್ಲ, ಅದರಿಂದಲೇ ಅರ್ಧ ಪಾವು ತೆಗೆದುಕೊಂಡೆ. ಬಾಣವೇನು ಊಟ ಮಾಡುತ್ತದೆಯೇ?" ಎಂದರು. ಸುಮಾರು 100 ಗ್ರಾಂ ಬೇಳೆ ಹೋಗಿತ್ತು. ಅಷ್ಟು ಕಡಿಮೆ ತೂಕಕ್ಕೆ ಕಡ್ಡಿ ಕಡಿಮೆಯೇ ಜಗ್ಗುವುದರಿಂದ 45 ಪೌಂಡಿನ ಸಣಕಲು ಕಡ್ಡಿಯೂ 50 ಪೌಂಡಿನದೆಂದು ಜಂಬ ಕೊಚ್ಚುತ್ತದೆ. ಯಾವ ಕಡ್ಡಿ ಮೊದಲ ದಿನದ್ದು, ಯಾವುದು ಎರಡನೆಯ ದಿನದ್ದು ಎಂದು ಗುರುತಿಸಲು ಹೋದರೆ, ಮನೆಗೆಲಸದಾಕೆ ಎರಡು ಕಟ್ಟುಗಳನ್ನೂ ಒಂದು ಮಾಡಿ ಪೊರಕೆಯ ಪಕ್ಕದಲ್ಲಿ ನೀಟಾಗಿ ನಿಲ್ಲಿಸಿದ್ದಳು. ಸಾರು ಚೆನ್ನಾಗಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಉಳಿದದ್ದು ಬಯಲಿನ ಪರೀಕ್ಷೆ. ಗರಿ ಕಟ್ಟಿದ ಬಾಣಗಳನ್ನೂ ಗರಿಯಿಲ್ಲದ ಬೋಳು ಬಾಣಗಳನ್ನೂ ಒಂದೇ ಗುರಿಗೆ ಹೊಡೆದು, ಬೋಳು ಬಾಣ ಎತ್ತ ಸರಿಯುತ್ತದೆ ಎಂದು ನೋಡುವುದು ಇದರ ಕ್ರಮ. ಗರಿಯಿದ್ದರೆ ಬಾಣ ತನ್ನ ತಪ್ಪನ್ನು ದಾರಿಯಲ್ಲೇ ತಿದ್ದಿಕೊಂಡುಬಿಡುತ್ತದೆ, ಬೋಳು ಬಾಣಕ್ಕೆ ಆ ಸೌಲಭ್ಯವಿಲ್ಲ. ಬೋಳು ಬಾಣ ಮೇಲೆ ನೆಟ್ಟರೆ ಹೆದೆಯ ಮೇಲೆ ಬಾಣ ಕೂರುವ ಗುರುತು ಕೆಳಗಿದೆ ಎಂದರ್ಥ. ನೂಲಿನ ಸುತ್ತನ್ನು ತುಸು ಮೇಲಕ್ಕೆ ಸರಿಸಿದರೆ ಆ ವ್ಯಾಜ್ಯ ಮುಗಿಯುತ್ತದೆ. ಎಡಬಲದ ವ್ಯಾಜ್ಯ ಹಾಗಲ್ಲ. ಪಾಂಡವಪುರದ ಬಳಿ ನನ್ನ ಭಾವಮೈದನ ಕೊಯ್ಲಾದ ಗದ್ದೆಯಲ್ಲಿ, ಹುಲ್ಲು ತುರುಕಿದ ಗೋಣಿಚೀಲಗಳನ್ನು ಏರಿಗೆ ಒರಗಿಸಿ, ಕುಂತಿಬೆಟ್ಟ ಕಾಣುವಂತೆ ನಿಂತು, ಅಂದರೆ ಅರ್ಜುನನ ಹೆತ್ತ ತಾಯಿಯ ಕಣ್ಣೆದುರಿಗೇ, ನಾನು ಬೋಳು ಬಾಣಗಳನ್ನು ಒಂದಾದ ಮೇಲೊಂದು ಬಿಟ್ಟೆ. ಗರಿಯ ಬಾಣಗಳು ಗೋಣಿಚೀಲದಲ್ಲಿ ನೆಟ್ಟವು. ಬೋಳು ಬಾಣಗಳು ಬಲಕ್ಕೆ ಹೊರಳಿ ಪಕ್ಕದ ಗೌಡರ ಕಬ್ಬಿನ ಗದ್ದೆಯನ್ನು ಹೊಕ್ಕವು.

ಆಳೆತ್ತರದ ಕಬ್ಬಿನೊಳಗೆ ಬಿದಿರಿನ ಕಡ್ಡಿ ಹುಡುಕುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಎರಡೂ ಒಂದೇ ಬಣ್ಣ, ಎರಡಕ್ಕೂ ಗೆಣ್ಣು, ಗರಿ ಮಾತ್ರ ಕಬ್ಬಿಗೆ ಇದೆ, ಬಾಣಕ್ಕೆ ಇಲ್ಲ. ಆ ಗರಿಯ ಅಂಚು ಮುಖ, ಕೈ, ಕತ್ತು ಎನ್ನದೆ ಗೀರಿ, ಬೆವರು ಇಳಿದೊಡನೆ ಉರಿ ಹತ್ತುತ್ತದೆ. ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಗೌಡರು, "ಅಳೀಮಯ್ಯ, ಇಲ್ಲೇ ಮೇಲುಕೋಟೆ ಧನುಷ್ಕೋಟೀಲಿ ರಾಮದೇವ್ರು ಬಾಣ ಬುಟ್ಟು ಬಂಡೇಲಿ ನೀರು ತರ್ಸವ್ರೆ. ನೀವು ಇಷ್ಟೊಂದು ಬುಟ್ರಿ, ನನ್ ಕಬ್ಬಿಗೆ ಒಂದು ತೊಟ್ಟು ನೀರಾದ್ರೂ ಬರಬೇಕಿತ್ತಲ್ಲ" ಎಂದರು.

ಮೆದು ಕಡ್ಡಿಗೆ ಎರಡು ಮದ್ದುಗಳಿವೆ: ಮೊನೆಯ ತೂಕವನ್ನು ಇಳಿಸುವುದು ಅಥವಾ ಕಡ್ಡಿಯನ್ನು ಗಿಡ್ಡ ಮಾಡುವುದು. ಕೊಯ್ದ ಬಿದಿರು ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಮೊದಲು ಮೊನೆಯನ್ನು ನೋಡಿಕೊಳ್ಳುವುದು ಜಾಣತನ. ನನ್ನವು 125 ಗ್ರೇನಿನ ಮೊನೆಗಳು. ಅವುಗಳ ಬದಲಿಗೆ 100 ಗ್ರೇನಿನವು, ಅಂದರೆ ಸುಮಾರು ಆರೂವರೆ ಗ್ರಾಮಿನವು ಬೇಕಾಗಿದ್ದವು. ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಮೊನೆಗಳನ್ನು ತಿರುವಿಸಿ ಹೊಳಪು ಕೊಡಿಸಿದ್ದಾಯಿತು, ಆದರೆ ಮನೆಯ ತಕ್ಕಡಿ ಇಡೀ ಗ್ರಾಮುಗಳನ್ನು ಬಿಟ್ಟು ಬೇರೇನನ್ನೂ ತೋರಿಸಲಾರದು. ಹಳೆಯವು ಹೊಸವು ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಅಶೋಕ ರಸ್ತೆಯ ಒಂದು ಚಿನ್ನಬೆಳ್ಳಿ ಅಂಗಡಿಗೆ ಹೋಗಿ, ಮೆಲುದನಿಯಲ್ಲಿ ತೂಕ ಮಾಡಿಕೊಡಲು ಕೇಳಿದೆ. 125 ಗ್ರೇನ್ ಎಂದರೆ 8.1 ಗ್ರಾಂ, ಹೆಚ್ಚುಕಡಿಮೆ ಒಂದು ಸವರನ್. ಹಳೆಯ ಮೊನೆಗಳು ಒಂದೊಂದೂ ಸರಿಯಾಗಿ ಸವರನ್ ತೂಗುತ್ತಿದ್ದುದನ್ನು ಕಂಡ ಮಾಲೀಕರು ಒಂದನ್ನು ಒರೆಗಲ್ಲಿಗೆ ಉಜ್ಜಿ, ನನ್ನನ್ನು ಕನಿಕರದಿಂದ ನೋಡಿ, ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, "ಯಾರು ಸಾರ್ ನಿಮಗೆ ಇದನ್ನು ಚಿನ್ನ ಅಂತ ಕೊಟ್ಟವರು? ಪೊಲೀಸಿಗೆ ತಿಳಿಸಿದ್ದೀರಾ?" ಎಂದರು. ಬಾಣದ ಮೊನೆಗಳೆಂದು ವಿವರಿಸಿದ ಮೇಲೆ ಅವರ ಕನಿಕರ ಇನ್ನಷ್ಟು ಹೆಚ್ಚಿತು.

ನಡುವೆ ಆಯುಧಪೂಜೆ ಬಂತು. ಆಯುಧವೆಂದು ಕರೆಯಿಸಿಕೊಳ್ಳಲು ನಮ್ಮ ಮನೆಯಲ್ಲಿ ಸ್ಕೂಟರು, ಮಿಕ್ಸಿಗಳಿಗಿಂತ ಹೆಚ್ಚು ಯೋಗ್ಯತೆಯುಳ್ಳ ವಸ್ತು ಸಿಕ್ಕಿದ್ದು ಅದೇ ಮೊದಲಾದ್ದರಿಂದ ಅಮ್ಮ ಗರಿಗರಿಗೂ ನೀರುಗಂಧ ಬಳಿದು ಕುಂಕುಮವಿಟ್ಟರು. ಒದ್ದೆಯಾದ ಗರಿ ಕಡ್ಡಿಗೆ ಅಂಟಿಕೊಂಡು ಮಲಗಿಬಿಡುತ್ತದೆ. ಮಲಗಿದ ಗರಿಯ ಬಾಣಕ್ಕೂ ಬೋಳು ಬಾಣಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹೀಗೆ ಒಂದು ವಾರ ನನ್ನ ಬಳಿ ಇದ್ದ ಬಾಣಗಳೆಲ್ಲವೂ ಬೋಳು ಬಾಣಗಳಾಗಿದ್ದವು, ಆದರೆ ಅಷ್ಟೂ ಮುತ್ತೈದೆಯರಂತೆ ಕಂಗೊಳಿಸುತ್ತಿದ್ದವು.

ಹಗುರ ಮೊನೆಗಳನ್ನು ಸೇರಿಸಿದ ಮೇಲೆ ಬೋಳು ಬಾಣಗಳು ಕಬ್ಬಿನ ಅಂಚಿಗೆ ಬಂದು ಬಿದ್ದವು. ಬಳಿಕ ಕಾಲು ಕಾಲು ಇಂಚಿನಂತೆ ಕಡ್ಡಿಯನ್ನು ಕೊಯ್ಯುತ್ತ, ಒಂದೊಂದು ಕೊಯ್ತಕ್ಕೂ ಹೊಡೆದು ನೋಡುತ್ತ ಬಂದಾಗ ಅವು ಗರಿಯ ಬಾಣಗಳ ಪಕ್ಕಕ್ಕೇ ಗೋಣಿಚೀಲದಲ್ಲಿ ಹೋಗಿ ನೆಟ್ಟವು. ಇನ್ನು ಕೊಯ್ದರೆ ಕಡ್ಡಿ ಬಿಗಿಯಾಗಿ ಬಾಣಗಳು ಎಡಕ್ಕೆ ಸರಿಯುತ್ತವೆ, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ ಎಂದು ಗೌಡರಿಗೆ ಅಭಯ ಕೊಟ್ಟೆ. ಗೌಡರು ಬದುವಿನಿಂದ ಎದ್ದು, ಎಡಗಡೆಯ ಕಬ್ಬಿನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, "ನಿಲ್ಲಿಸ್ಬೇಡಿ ಅಳೀಮಯ್ಯ, ಇನ್ನೊಂಚೂರು ಕುಯ್ದುಬುಡಿ. ಆ ಕಡೆ ಇರಾದು ನಮ್ ದಾಯಾದಿ ಗದ್ದೆ" ಎಂದರು.